ಮೆತ್ತಗಿನ ಜೆಲ್ ಮೇಲೆ ಕೋಶ ಬೆಳೆಸಿದ ನನ್ನ ಅನುಭವ

ಪ್ಲಾಸ್ಟಿಕ್ ಡಿಶ್‌ನಲ್ಲಿ ಹುಲುಸಾಗಿ ಬೆಳೆಯುವ ಕೋಶಕ್ಕೆ ಮೆತ್ತಗಿನ ನೆಲ ಕೊಟ್ಟರೆ ಏನಾಗುತ್ತದೆ? ಇದನ್ನು ಕಣ್ಣಾರೆ ನೋಡುವ ಆಸೆ ನನಗೆ ತುಂಬಾ ದಿನದಿಂದ ಇತ್ತು. ಇಲಿಯ 3ಟಿ3 ಫೈಬ್ರೊಬ್ಲಾಸ್ಟ್ ಕೋಶ (ಲ್ಯಾಬ್‌ಗಳಲ್ಲಿ ಬಹಳ ಬಳಸುವ ಸಂಯೋಜಕ ಅಂಗಾಂಶದ ಕೋಶ) ತೆಗೆದುಕೊಂಡೆ. ಮೀಡಿಯಂ (ಕೋಶಕ್ಕೆ ಆಹಾರ ಕೊಡುವ ದ್ರವ), ಸೀರಮ್, 37 ಡಿಗ್ರಿ ಶಾಖ, ಶೇ 5 ಕಾರ್ಬನ್ ಡೈಆಕ್ಸೈಡ್, ಎಲ್ಲಾ ಒಂದೇ. ಬದಲಾಗಿದ್ದು ನೆಲ ಮಾತ್ರ.

ಕವರ್‌ಸ್ಲಿಪ್ ಎಂಬ ತೆಳು ಗಾಜಿನ ಮೇಲೆ ಎರಡು ಥರದ ಪಾಲಿಅಕ್ರಿಲಮೈಡ್ ಜೆಲ್ ಹಾಕಿದೆ. ಶೇ 5 ಅಕ್ರಿಲಮೈಡ್‌ಗೆ ಅದರ ಎಳೆಗಳನ್ನು ಹೆಣೆಯುವ ಬಿಸ್-ಅಕ್ರಿಲಮೈಡ್ ಶೇ 0.15 ಸೇರಿಸಿದರೆ ಗಡಸುತನ ಸುಮಾರು 4.5 ಕಿಲೋಪಾಸ್ಕಲ್ (ಅಂಕಿ ಹೆಚ್ಚಿದಷ್ಟೂ ಗಟ್ಟಿ). ಶೇ 8ಕ್ಕೆ ಶೇ 0.48 ಸೇರಿಸಿದರೆ ಸುಮಾರು 40. ಡಿಶ್‌ನ ಪ್ಲಾಸ್ಟಿಕ್ ಇವೆರಡಕ್ಕಿಂತಲೂ ಸಾವಿರಾರು ಪಟ್ಟು ಗಟ್ಟಿ.

ಬರೀ ಜೆಲ್‌ಗೆ ಕೋಶ ಅಂಟುವುದಿಲ್ಲ, ಮೇಲೆ ಕೋಶ ಹಿಡಿದುಕೊಳ್ಳಬಲ್ಲ ಕೊಲಾಜೆನ್ ಎಂಬ ಪ್ರೋಟೀನ್ ಕೂರಿಸಬೇಕು. ಕೊಲಾಜೆನ್ ಅನ್ನು ಜೆಲ್‌ಗೆ ಬೆಸೆಯಲು ಬಳಸುವ ಸಲ್ಫೋ-ಸಾನ್‌ಪಾ ಎಂಬ, ಯುವಿ ಬೆಳಕಿಗೆ ಚುರುಕಾಗುವ ರಾಸಾಯನಿಕ ನೀರು ತಾಗಿದ ಕೂಡಲೇ ಕೆಡಲು ಶುರುವಾಗುತ್ತದೆ. ಮೊದಲ ಸಲ ನಾನು ಅದನ್ನು ಕರಗಿಸಿಟ್ಟು ಊಟಕ್ಕೆ ಹೋಗಿದ್ದೆ. ಮರುದಿನ ನೋಡಿದರೆ ಕೋಶಗಳೆಲ್ಲ ಗುಂಡಗಾಗಿ ತೇಲುತ್ತಿದ್ದವು. ಗಟ್ಟಿ ಜೆಲ್‌ನಲ್ಲೂ ಅದೇ ಪಾಡು. ಹಾಗಾದರೆ ಇದು ಮೆದುವಿನ ಪರಿಣಾಮ ಅಲ್ಲ, ಅಲ್ವಾ? ಕೊಲಾಜೆನ್ನೇ ಕೂತಿರಲಿಲ್ಲ.

ಎರಡನೇ ಸಲ ಕರಗಿಸಿದ ತಕ್ಷಣ ಜೆಲ್ ಮೇಲೆ ಸುರಿದು ಯುವಿ ದೀಪದ ಕೆಳಗಿಟ್ಟೆ. ಕಿತ್ತಳೆ ಬಣ್ಣ ಕಂದು ಆಗುವ ತನಕ ಬಿಟ್ಟು, ತೊಳೆದು, ರಾತ್ರಿಯಿಡೀ ಕೊಲಾಜೆನ್‌ನಲ್ಲಿ ನೆನೆಸಿದೆ. ಬೆಳಿಗ್ಗೆ ಮತ್ತೆ ಮೂರ್ನಾಲ್ಕು ಸಲ ತೊಳೆದೆ. ಉಳಿದ ಅಕ್ರಿಲಮೈಡ್ ಕೋಶಕ್ಕೆ ವಿಷ.

ಈ ಸಲ ಗಟ್ಟಿ ಜೆಲ್ ಮೇಲೆ ಕೋಶಗಳು ಕೈಕಾಲು ಚಾಚಿ ಅಗಲವಾಗಿ ಹರಡಿದ್ದವು. ಮೆತ್ತಗಿನದರ ಮೇಲೆ ಅಂಟಿದ್ದವು, ಆದರೆ ಮುದುಡಿ ಚಿಕ್ಕದಾಗಿದ್ದವು. ಮೂರನೇ ದಿನ ಎಣಿಸಿದಾಗ ಅಲ್ಲಿ ಸಂಖ್ಯೆಯೂ ಕಡಿಮೆ. ಆದರೂ ಅನುಮಾನ ಹೋಗಲಿಲ್ಲ, ವಿಷ ತಾಗಿರಬಹುದಲ್ಲ! ಕೋಶದ ಅಂಟು ಬಿಡಿಸುವ ಟ್ರಿಪ್ಸಿನ್ ಕಿಣ್ವ ಹಾಕಿ ಮೆತ್ತಗಿನ ಜೆಲ್‌ನ ಅವೇ ಕೋಶಗಳನ್ನು ಬಿಡಿಸಿ ಪ್ಲಾಸ್ಟಿಕ್ ಡಿಶ್‌ಗೆ ಹಾಕಿದೆ. ಎರಡು ದಿನದಲ್ಲಿ ಚಾಚಿಕೊಂಡು ಮತ್ತೆ ಎರಡೆರಡಾಗಿ ಒಡೆಯತೊಡಗಿದವು. ಆಗ ಆದ ಖುಷಿ ಹೇಳತೀರದು.

ಕೋಶ ತನ್ನೊಳಗಿನ ಆಕ್ಟಿನ್ ಎಂಬ ಪ್ರೋಟೀನ್ ನಾರುಗಳಿಂದ ನೆಲವನ್ನು ಸದಾ ಎಳೆದು ನೋಡುತ್ತಿರುತ್ತದೆ. ನೆಲ ಬಿಗಿಯಾಗಿ ತಡೆದರೆ ಹರಡಿ ಬೆಳೆಯುತ್ತದೆ. ನೆಲವೇ ಜಗ್ಗಿದರೆ ಒಳಗೆ ಬಿಗಿ ಹುಟ್ಟುವುದಿಲ್ಲ, ಬೆಳವಣಿಗೆಯೂ ತಗ್ಗುತ್ತದೆ. 2000ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇದೇ 3ಟಿ3 ಕೋಶಗಳು ಹೀಗೇ ನಡೆದುಕೊಂಡಿದ್ದವು. ಆದರೆ ರಾಸ್ ಜೀನ್‌ನಿಂದ ಕ್ಯಾನ್ಸರ್ ಗುಣ ಪಡೆದ 3ಟಿ3 ಮೆತ್ತಗಿನ ನೆಲವನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಆ ಕೋಶಗಳನ್ನೂ ಇದೇ ಎರಡು ಜೆಲ್ ಮೇಲೆ ಹಾಕಿ ನೋಡುವುದು ನನಗಿನ್ನೂ ಬಾಕಿ ಇದೆ.