ಜುಲ್ ಹುಲೈಫಾದಲ್ಲಿ ಇಹ್ರಾಮ್: ದಾವಣಗೆರೆಯಿಂದ ಹೊರಡುವ ಯಾತ್ರಿಕರಿಗೆ

ದಾವಣಗೆರೆಯಿಂದ ಉಮ್ರಾಕ್ಕೋ (ಮಕ್ಕಾದ ಕಿರುಯಾತ್ರೆ) ಹಜ್‌ಗೋ ಹೊರಡುವವರು ತಮ್ಮ ತಂಡ ಮೊದಲು ಮದೀನಾಕ್ಕೆ ಹೋಗುತ್ತದೆಯೇ ಅಥವಾ ನೇರವಾಗಿ ಮಕ್ಕಾಕ್ಕೆ ಹೋಗುತ್ತದೆಯೇ ಎಂಬುದನ್ನು ಎಲ್ಲಕ್ಕಿಂತ ಮುಂಚೆ ಕೇಳಿ ತಿಳಿದುಕೊಳ್ಳಬೇಕು. ಜಿದ್ದಾದಲ್ಲಿ ಇಳಿದು ನೇರ ಮಕ್ಕಾಕ್ಕೆ ಹೋಗುವವರು ಸಾಮಾನ್ಯವಾಗಿ ಬೆಂಗಳೂರಿನಲ್ಲೇ ಇಹ್ರಾಮ್ (ಯಾತ್ರೆಯ ನಿಯಮಗಳಿಗೆ ಒಳಪಟ್ಟ ಸ್ಥಿತಿ) ಬಟ್ಟೆ ಉಟ್ಟು, ವಿಮಾನ ಮೀಕಾತಿನ, ಅಂದರೆ ಇಹ್ರಾಮ್ ಇಲ್ಲದೆ ಯಾತ್ರಿಕರು ದಾಟಬಾರದ ಸ್ಥಳದ, ಗಡಿ ದಾಟುವ ಮೊದಲೇ ನಿಯ್ಯತ್ (ಯಾತ್ರೆಯ ಸಂಕಲ್ಪ) ಮಾಡುತ್ತಾರೆ. ಮೊದಲು ಮದೀನಾಕ್ಕೆ ಹೋಗುವವರು ದಿನನಿತ್ಯದ ಉಡುಪಿನಲ್ಲೇ ಹೊರಡಬಹುದು. ಅವರ ಮೀಕಾತ್ ಜುಲ್ ಹುಲೈಫಾ; ಅಲ್ಲೊಂದು ಮಸೀದಿಯಿದೆ.

ಮದೀನಾದ ಪ್ರವಾದಿ ಮಸೀದಿಯಾದ ಮಸ್ಜಿದುನ್ನಬವಿಯಿಂದ ಸುಮಾರು 10 ಕಿ.ಮೀ. ದೂರದಲ್ಲಿ, ಅಕೀಕ್ ಕಣಿವೆಯಲ್ಲಿರುವ ಈ ಮಸೀದಿಯನ್ನು ಬಸ್ ಚಾಲಕರು ಅಬ್ಯಾರ್ ಅಲಿ ಎಂದು ಕರೆಯುವುದುಂಟು. ಪ್ರವಾದಿಯವರು ಹಿಜರಿ 10ರಲ್ಲಿ, ಅಂದರೆ 632ರಲ್ಲಿ, ತಮ್ಮ ವಿದಾಯದ ಹಜ್‌ಗೆ ಇಹ್ರಾಮ್ ಕಟ್ಟಿದ್ದು ಇಲ್ಲಿಯೇ. ಅವರು ತಂಗುತ್ತಿದ್ದ ಮರದ ನೆನಪಿಗೆ ಇದಕ್ಕೆ ಮಸ್ಜಿದುಶ್ಶಜರಾ ಎಂಬ ಹೆಸರೂ ಇದೆ. ಮೀಕಾತುಗಳಲ್ಲೆಲ್ಲ ಮಕ್ಕಾದಿಂದ ಅತಿ ದೂರದ್ದು ಇದೇ: 400 ಕಿ.ಮೀ.ಗೂ ಹೆಚ್ಚು, ಅಂದರೆ ದಾವಣಗೆರೆ–ಬೆಂಗಳೂರು ಹಾದಿಯ ಒಂದೂವರೆ ಪಟ್ಟಿಗಿಂತ ಉದ್ದದ ಪ್ರಯಾಣ. ಅಷ್ಟು ಹೊತ್ತು ಬಸ್ಸಿನಲ್ಲಿ ಕೂರುವಾಗ ಸಡಿಲವಾಗದಂತೆ ಬಟ್ಟೆ ಕಟ್ಟಲು ಊರಲ್ಲೇ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು.

ಗಂಡಸರಿಗೆ ಹೊಲಿಗೆಯಿಲ್ಲದ ಎರಡು ಬಿಳಿ ಬಟ್ಟೆ ಬೇಕು. ಕೆಳಗಿನದನ್ನು ಹೊಕ್ಕುಳಿನ ಮೇಲಿಂದ ಸುತ್ತಿ, ಅಂಚನ್ನು ಎರಡು ಮೂರು ಬಾರಿ ಹೊರಕ್ಕೆ ಮಡಚಿ, ಅದರ ಮೇಲೆ ಬೆಲ್ಟ್ ಬಿಗಿಯಬೇಕು. ದಿನವೂ ಲುಂಗಿ ಉಡುವವರಿಗೆ ಇದು ಕಷ್ಟವಲ್ಲ. ಪಾದದ ಮೇಲ್ಭಾಗದ ಮೂಳೆ ಮುಚ್ಚದ ಹವಾಯಿ ಚಪ್ಪಲಿ ಸಾಕು. ಹೆಂಗಸರು ತಮ್ಮ ಎಂದಿನ ಉಡುಪಿನಲ್ಲೇ ಇರುತ್ತಾರೆ, ಆದರೆ ಮುಖಕ್ಕೆ ತಾಗುವ ನಿಖಾಬ್ ಹಾಕುವಂತಿಲ್ಲ.

ಮಸೀದಿಯಲ್ಲಿ ಸ್ನಾನದ ವ್ಯವಸ್ಥೆ ಇದ್ದರೂ ಬಸ್ಸು ನಿಲ್ಲುವ ಸಮಯ ಕಡಿಮೆ, ಜನಸಂದಣಿ ಹೆಚ್ಚು. ಆದ್ದರಿಂದ ಉಗುರು ಕತ್ತರಿಸುವುದು, ಗುಸುಲ್ (ಶುದ್ಧಿಸ್ನಾನ), ಬಟ್ಟೆ ಉಡುವುದು ಎಲ್ಲವನ್ನೂ ಮದೀನಾದ ಕೋಣೆಯಲ್ಲೇ ಮುಗಿಸಿ, ನಿಯ್ಯತನ್ನು ಮಾತ್ರ ಮಸೀದಿಗೆ ಉಳಿಸಿಕೊಳ್ಳುವುದು ಜಾಣತನ. ಬಟ್ಟೆ ಉಟ್ಟ ಮಾತ್ರಕ್ಕೆ ಇಹ್ರಾಮ್ ಆರಂಭವಾಗುವುದಿಲ್ಲ. ಇಳಿಯುವಾಗ ಬಸ್ಸಿನ ನಂಬರನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ, ಏಕೆಂದರೆ ಮರಳಿ ಬರುವಾಗ ಸಾಲಾಗಿ ನಿಂತ ಬಸ್ಸುಗಳೂ ಬಿಳಿ ಬಟ್ಟೆಯ ಜನರೂ ಒಂದೇ ತೆರನಾಗಿ ಕಾಣುತ್ತಾರೆ.

ನಮ್ಮ ಭಾಗದ ಬಹುಪಾಲು ಜನ ಅನುಸರಿಸುವ ಹನಫಿ ಪದ್ಧತಿಯಂತೆ, ಗಂಡಸರು ತಲೆ ಮುಚ್ಚಿಕೊಂಡು ಎರಡು ರಕಾತ್ ನಫಿಲ್ (ಐಚ್ಛಿಕ) ನಮಾಜ್ ಮಾಡಿ, ಸಲಾಮ್ ಹೇಳಿದ ಮೇಲೆ ತಲೆಯ ಬಟ್ಟೆ ತೆಗೆದು, ನಿಯ್ಯತ್ ಮಾಡಿ ತಲ್ಬಿಯಾ (‘ಲಬ್ಬೈಕ್’ ಎಂದು ಆರಂಭವಾಗುವ ಯಾತ್ರಾ ಘೋಷ) ಹೇಳಬೇಕು. ಅಸರ್ ನಮಾಜಿನ ನಂತರದಂತಹ ಮಕ್ರೂಹ್ (ಐಚ್ಛಿಕ ನಮಾಜ್ ಸಲ್ಲದ) ವೇಳೆಯಾಗಿದ್ದರೆ ನಫಿಲ್ ಬಿಟ್ಟು ನಿಯ್ಯತ್ ಮಾಡಿದರೆ ಸಾಕು. ಮುಟ್ಟಾದ ಹೆಂಗಸರು ನಮಾಜ್ ಬಿಟ್ಟು, ಬಸ್ಸಿನಲ್ಲಿ ಕುಳಿತೇ ನಿಯ್ಯತ್ ಮತ್ತು ತಲ್ಬಿಯಾ ಪೂರೈಸಬಹುದು. ತವಾಫನ್ನು (ಕಾಬಾದ ಪ್ರದಕ್ಷಿಣೆ) ಮಾತ್ರ ಶುದ್ಧವಾಗುವವರೆಗೆ ಮುಂದೂಡಬೇಕು. ಆಗಷ್ಟೇ ಹೆರಿಗೆಯಾಗಿದ್ದ, ಅಬೂಬಕರ್ ಅವರ ಪತ್ನಿ ಅಸ್ಮಾ ಬಿಂತ್ ಉಮೈಸ್ ಅವರಿಗೆ ಪ್ರವಾದಿಯವರು ಇದೇ ಜುಲ್ ಹುಲೈಫಾದಲ್ಲಿ ಸ್ನಾನ ಮಾಡಿ ಇಹ್ರಾಮ್ ಕಟ್ಟಲು ಹೇಳಿದ್ದರು. ಮುಟ್ಟೆಂಬ ಸಂಕೋಚದಿಂದ ನಿಯ್ಯತ್ ಇಲ್ಲದೆ ಮೀಕಾತ್ ದಾಟಿದರೆ ಹಿಂದಿರುಗಿ ಬರಬೇಕಾಗುತ್ತದೆ, ಇಲ್ಲವೇ ದಮ್ (ಪರಿಹಾರವಾಗಿ ಪ್ರಾಣಿಬಲಿ) ಕೊಡಬೇಕಾಗುತ್ತದೆ.

ನಿಯ್ಯತ್ ಆದ ಮೇಲೆ ಅತ್ತರು, ಪರಿಮಳದ ಸೋಪು, ಊಟದ ಜೊತೆ ಕೊಡುವ ಸುವಾಸನೆಯ ಟಿಶ್ಯೂ ಯಾವುದನ್ನೂ ಬಳಸುವಂತಿಲ್ಲ. ದಾರಿಯುದ್ದಕ್ಕೂ ಗಂಡಸರು ಗಟ್ಟಿಯಾಗಿ, ಹೆಂಗಸರು ಮೆಲ್ಲಗೆ ತಲ್ಬಿಯಾ ಹೇಳುತ್ತಿರಬೇಕು. ಉಮ್ರಾ ಮಾಡುವವರು ಕಾಬಾದ ತವಾಫ್ ಆರಂಭಿಸುವಾಗ ಅದನ್ನು ನಿಲ್ಲಿಸುತ್ತಾರೆ.