ಐಫೋನ್ ಗೆದ್ದಿದ್ದೀರಿ ಅಂತ ಬಂದರೆ ಏನು ಮಾಡಬೇಕು

ಕಳೆದ ವಾರ ನಮ್ಮ ಕಾಕಾ ಕಲಬುರಗಿ ಎಪಿಎಂಸಿಯ ತೊಗರಿ ರೇಟ್ ನೋಡೋಕೆ ಅಂತ ಯಾವುದೋ ಸೈಟ್ ತೆಗೆದಿದ್ದಾರೆ. ರೇಟ್ ಕಾಣೋ ಮೊದಲೇ ಫೋನ್ ಗರ್ರ್ ಅಂತ ನಡುಗಿ, ಸ್ಕ್ರೀನ್ ತುಂಬ ಬಣ್ಣದ ಚೂರು ಉದುರಿ, ಹೈದರಾಬಾದಿನ ಅದೃಷ್ಟಶಾಲಿ ನೀವೇ, ಐಫೋನ್ ಗೆದ್ದಿದ್ದೀರಿ ಅಂತ ಬಂತು. "ತಮ್ಮಾ, ನಾ ಕಲಬುರಗ್ಯಾಗ ಕುಂತೀನಿ, ಹೈದರಾಬಾದ್ ಅಂತ ಯಾಕ ತೋರಿಸ್ತದ?" ಅಂತ ಕೇಳಿದರು.

ಒಳ್ಳೆ ಪ್ರಶ್ನೆ. ಆ ಪೇಜಿಗೆ ನೀವು ಯಾರು ಅಂತ ಗೊತ್ತೇ ಇಲ್ಲ. ನಿಮ್ಮ ನೆಟ್ ಕನೆಕ್ಷನ್ನಿನ ಐಪಿ ನಂಬರ್ ನೋಡಿ ಊರು ಊಹಿಸುತ್ತೆ, ಅದು ಎಷ್ಟೋ ಸಲ ಬೆಂಗಳೂರು, ಹೈದರಾಬಾದ್ ಅಂತ ತಪ್ಪಾಗಿ ಬರುತ್ತೆ. ಆಂಡ್ರಾಯ್ಡ್ ಫೋನ್ ಅನ್ನೋದನ್ನ ಬ್ರೌಸರೇ ಹೇಳಿರುತ್ತೆ. ನಡುಗಿಸೋದೂ ಪೇಜಿನ ಕೆಲಸವೇ, ವೈರಸ್ ಅಲ್ಲ.

ಈಗ ಮಾಡಬೇಕಾದ್ದು. ಜಾಹೀರಾತಿನ ಒಳಗಿರೋ ಇಂಟು ಗುರುತು ಒತ್ತಬೇಡಿ, ಅದು ಬರೀ ಚಿತ್ರ ಇರಬಹುದು. ಬ್ಯಾಕ್ ಒತ್ತಿದರೂ ಅಲ್ಲೇ ತಿರುಗಿ ಬರ್ತೀರಿ, ಯಾಕಂದ್ರೆ ಅದು ಹಿಸ್ಟರಿಯಲ್ಲಿ ತನ್ನದೇ ಪೇಜನ್ನ ಮೇಲಿಂದ ಮೇಲೆ ತುರುಕಿರುತ್ತೆ. ಮೇಲೆ ಚೌಕದಲ್ಲಿ ನಂಬರ್ ಇರುತ್ತಲ್ವಾ, ಅದನ್ನ ಒತ್ತಿ ಆ ಟ್ಯಾಬನ್ನೇ ಮುಚ್ಚಿ. ಮೂರು ಡಬ್ಬಿ ತೋರಿಸಿ ಒಂದನ್ನ ಆರಿಸಿ ಅಂದರೆ ಆಡಬೇಡಿ. ಶರಣಬಸವೇಶ್ವರ ಜಾತ್ರೆಯಲ್ಲಿ ರಿಂಗ್ ಎಸೆದರೆ ಸೋಲೋ ಚಾನ್ಸಾದರೂ ಇರುತ್ತೆ, ಇಲ್ಲಿ ನೀವು ಯಾವುದನ್ನೇ ಒತ್ತಿ, ಮೊದಲ ಸಲ ಖಾಲಿ, ಎರಡನೇ ಸಲ ಫೋನ್, ಹಾಗಂತ ಮೊದಲೇ ಬರೆದಿಟ್ಟಿರುತ್ತಾರೆ. ಆಮೇಲೆ ಡೆಲಿವರಿ ಚಾರ್ಜ್ ಅಂತ ಸ್ವಲ್ಪ ದುಡ್ಡು, ಕಾರ್ಡ್ ನಂಬರ್, ಒಟಿಪಿ.

ಹಳೇ ಆಟ ಇದು. ಸೂಪರ್ ಮಾರ್ಕೆಟ್ ಹತ್ತಿರದ ನೆಟ್ ಸೆಂಟರಿನಲ್ಲಿ ರಿಸಲ್ಟ್ ನೋಡೋಕೆ ಕೂತಾಗ 'ನೀವು ಹತ್ತು ಲಕ್ಷನೇ ವಿಸಿಟರ್' ಅಂತ ಮಿಣಮಿಣ ಅನ್ನೋದು. ಪಕ್ಕದ ಸಿಸ್ಟಮ್‌ನವನೂ ಹತ್ತು ಲಕ್ಷನೇಯವನೇ. ಈಗ ಅದು ಮೀಮ್ ಆಗಿದೆ. ಹೀಗೆ ತಾನಾಗೇ ತೆರೆದುಕೊಳ್ಳೋ ಜಾಹೀರಾತು ಕಿಟಕಿಗೆ ಪಾಪ್‌ಅಪ್ ಅಂತಾರೆ. ಅದರ ಕೋಡ್ ಬರೆದವರಲ್ಲಿ ಒಬ್ಬರಾದ ಈಥನ್ ಜುಕರ್‌ಮನ್ 2014ರಲ್ಲಿ ಬಹಿರಂಗವಾಗಿ ಸಾರಿ ಕೇಳಿದರು, ಪಾಪ, ಅವರು ಜಾಹೀರಾತನ್ನ ಬೇರೆ ಕಿಟಕಿಗೆ ಹಾಕೋಣ ಅಂದುಕೊಂಡಿದ್ದರು ಅಷ್ಟೇ. 2004ರಲ್ಲಿ ವಿಂಡೋಸ್ ಎಕ್ಸ್‌ಪಿಯ ಸರ್ವಿಸ್ ಪ್ಯಾಕ್ 2 ಜೊತೆ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಪಾಪ್‌ಅಪ್ ತಡೆಯೋ ವ್ಯವಸ್ಥೆ ಬಂತು. ಮೋಸಗಾರರು ನಿಲ್ಲಲಿಲ್ಲ, ಹೊಸ ಕಿಟಕಿ ತೆರೆಯೋ ಬದಲು ನೀವಿರೋ ಪೇಜನ್ನೇ ಎಳೆದುಕೊಂಡು ಹೋಗೋಕೆ ಶುರು ಮಾಡಿದರು.

ದುಡ್ಡು ಹೋಗಿದ್ದರೆ ನಾಚಿಕೊಂಡು ಕೂರಬೇಡಿ, ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೆ ಹೇಳಿ ಕಾರ್ಡ್ ಬ್ಲಾಕ್ ಮಾಡಿಸಿ. ಮತ್ತೆ, ಯುಪಿಐ ಪಿನ್ ಬೇಕಾಗೋದು ದುಡ್ಡು ಕೊಡೋಕೆ, ತಗೊಳ್ಳೋಕೆ ಅಲ್ಲ.

ಪೇಜ್ ಮುಚ್ಚಿದರೂ ದಿನಾ ಬೆಳಿಗ್ಗೆ ಬಹುಮಾನದ ಮೆಸೇಜ್ ಬರುತ್ತಿದ್ದರೆ ಎಲ್ಲೋ 'ಅಲೋ' (Allow, ಅಂದರೆ ಮೆಸೇಜ್ ಕಳಿಸೋಕೆ ಅನುಮತಿ) ಒತ್ತಿದ್ದೀರಿ. ಕ್ರೋಮ್ ಸೆಟ್ಟಿಂಗ್ಸ್, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್‌ಗೆ ಹೋಗಿ ಗುರುತಿಲ್ಲದ ಸೈಟನ್ನೆಲ್ಲ ಬ್ಲಾಕ್ ಮಾಡಿ. ಕಾಕಾನ ಫೋನಿನಲ್ಲಿ ಅಂಥವು ಏಳು ಸಿಕ್ಕವು. ಒಂದೂ ತೊಗರಿಯದ್ದಲ್ಲ.