ವಿಲ್ಕಿಯ ‘ಪರಿಚಯ ಪತ್ರ’ವನ್ನು ನಕಲು ಮಾಡಿದ್ದು

ಚಿತ್ರಕಾರ ಡೇವಿಡ್ ವಿಲ್ಕಿ ನನಗೆ ಪರಿಚಯವಾದದ್ದು ಟಿಪ್ಪುವಿನಿಂದ. ಶ್ರೀರಂಗಪಟ್ಟಣ ಬಿದ್ದ ರಾತ್ರಿ ಬ್ರಿಟಿಷ್ ಸೇನಾನಿ ಜನರಲ್ ಬೇರ್ಡ್ ಸುಲ್ತಾನನ ಶವವನ್ನು ಕಾಣುವ ಚಿತ್ರ ಅವರದು. ಬೇರ್ಡ್ ತೀರಿಕೊಂಡ ಮೇಲೆ ಅವರ ಹೆಂಡತಿ ಬರೆಸಿದ್ದು, 1839ರಲ್ಲಿ ಮುಗಿಯಿತು. ಬಲು ದೊಡ್ಡದು. ಆದರೆ ವಿಲ್ಕಿ ನಮ್ಮ ನಾಡನ್ನು ಕಂಡವರಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಪುಟ್ಟ ಚಿತ್ರ, 1813ರ ‘ಪರಿಚಯ ಪತ್ರ’. ಹಲಗೆಯ ಮೇಲೆ ಎಣ್ಣೆಬಣ್ಣ, ಎತ್ತರ ಸುಮಾರು 61 ಸೆಂಟಿಮೀಟರ್. ಈಗ ಎಡಿನ್‌ಬರೋದಲ್ಲಿದೆ.

ವಿಲ್ಕಿ ಸ್ಕಾಟ್ಲೆಂಡಿನ ಫೈಫ್ ಸೀಮೆಯ ಪಾದ್ರಿಯೊಬ್ಬರ ಮಗ. 1805ರಲ್ಲಿ ಲಂಡನ್ನಿಗೆ ಹೋದಾಗ ಇನ್ನೂ 20 ತುಂಬಿರಲಿಲ್ಲ. ಕೇಲಬ್ ವೈಟ್‌ಫರ್ಡ್ ಎಂಬ ಹಿರಿಯರ ಮನೆಗೆ ತನ್ನನ್ನು ಪರಿಚಯಿಸುವ ಪತ್ರ ಹಿಡಿದು ಹೋಗಿ ನಿಂತ ಮುಜುಗರವೇ ಈ ಚಿತ್ರಕ್ಕೆ ಬೀಜ. ಕುರ್ಚಿಯಲ್ಲಿ ಯಜಮಾನರು, ಎದುರಿಗೆ ನಿಂತ ಹುಡುಗ, ಅವನನ್ನು ಮೂಸುವ ನಾಯಿ. ಅಷ್ಟೇ.

ಮೈಸೂರಿನ ನನ್ನ ಮನೆಯಲ್ಲಿ ಒಳ್ಳೆಯ ಮುದ್ರಿತ ಪ್ರತಿಯೊಂದನ್ನು ಎದುರಿಗಿಟ್ಟುಕೊಂಡು, ಅದೇ ಅಳತೆಯ ಪ್ಲೈವುಡ್ಡಿಗೆ ಬಿಳಿ ಹಚ್ಚಿ ಕೂತೆ. ಮೊದಲು ಬರೀ ಕಂದು ಬಣ್ಣದಲ್ಲಿ ನೆರಳು ಬೆಳಕು, ಒಣಗಿದ ಮೇಲೆ ತೆಳುವಾಗಿ ಬಣ್ಣ. ವಿಲ್ಕಿ ಮುಂದೆ ಬಿಟ್ಯುಮೆನ್ ಬಳಸಿದರು. ಆ ಟಾರಿನಂಥ ಕಂದು ಸರಿಯಾಗಿ ಒಣಗುವುದಿಲ್ಲ, ಅವರ ಎಷ್ಟೋ ಚಿತ್ರಗಳು ಅದರಿಂದಲೇ ಬಿರುಕುಬಿಟ್ಟಿವೆ. ನಾನು ಅಂಬರ್ ಎಂಬ ಮಣ್ಣಿನ ಕಂದು ಬಣ್ಣದಲ್ಲೇ ನಿಂತೆ.

ಕಷ್ಟ ಕೊಟ್ಟದ್ದು ಯಜಮಾನರ ಮುಖ. ಎರಡು ವಾರ ಕೆಲಸ ಮಾಡಿ ದೊಡ್ಡಪ್ಪನಿಗೆ ತೋರಿಸಿದೆ. ‘ಇವ್ರು ಹುಡುಗನ್ನ ಯಾಕೆ ಬೈತಿದ್ದಾರೆ?’ ಅಂದರು. ತಪ್ಪು ಆಗ ಗೊತ್ತಾಯಿತು. ಮೂಲದಲ್ಲಿ ಸಿಟ್ಟಿಲ್ಲ, ಅನುಮಾನವಿದೆ. ‘ಇವನು ಯಾರಪ್ಪ, ನಂಬಬಹುದಾ?’ ಅನ್ನುವ ನೋಟ. ನಾನು ಹುಬ್ಬು ಗಂಟಿಕ್ಕಿಸಿಬಿಟ್ಟಿದ್ದೆ. ಅದನ್ನು ಚಿಂದಿಬಟ್ಟೆಯಿಂದ ಒರೆಸಿ, ಹುಬ್ಬನ್ನು ಸಡಿಲ ಮಾಡಿ, ಕಣ್ಣಿನ ಪಾಪೆಯನ್ನು ಮೂಲೆಗೆ ಸರಿಸಿದೆ. ಒಂದು ಕೂದಲೆಳೆಯಷ್ಟು ಸರಿದದ್ದಕ್ಕೆ ಇಡೀ ಕೋಣೆಯ ಗಾಳಿಯೇ ಬದಲಾಯಿತು!

ಆಮೇಲೆ ನಾಯಿ. ಸುಮ್ನೆ ಜಾಗ ತುಂಬಲು ಇಟ್ಟದ್ದು ಅಂದುಕೊಂಡಿದ್ದೆ. ಬರೆಯುತ್ತಾ ಹೋದಾಗ ತಿಳಿಯಿತು, ಯಜಮಾನರು ಕಣ್ಣಿನಲ್ಲಿ ಮಾಡುತ್ತಿರುವುದನ್ನೇ ಅದು ಮೂಗಿನಲ್ಲಿ ಮಾಡುತ್ತಿದೆ, ಅಲ್ವಾ? ನನ್ನ ನಾಯಿ ಹುಡುಗನಿಂದ ದೂರ ನಿಂತಿತ್ತು. ಅದನ್ನು ಅಳಿಸಿ, ಅವನ ಕಾಲಿಗೆ ಇನ್ನೊಂದು ಬೆರಳಗಲ ಹತ್ತಿರ ತಂದೆ.